ನೋವಾಗಲ್ಲಮ್ಮನ ವಾರದ ಪಾಪ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಒಳಕೋಣೆಯ ಮಂಚದ ಮೇಲೆ ಅತ್ತೆ ಹೊದಿಕೆ ಸರಿಸಿ, ಕಣ್ಣು ಬಿಗಿಯಾಗಿ ಮುಚ್ಚಿ ಮಲಗಿದ್ದಾರೆ. ಸೊಸೆ ಇನ್ಸುಲಿನ್ ಸಿರಿಂಜನ್ನು ದೀಪಕ್ಕೆ ಹಿಡಿದು ಬೆರಳಿನಿಂದ ತಟ್ಟುತ್ತಾರೆ.

"ನೋವಾಗುತ್ತೇನೇ?"

"ಇಲ್ಲ ಅತ್ತೆ, ನೋವಾಗಲ್ಲ."

"ಅಯ್ಯೋ, ಹಾಳಾದೋಳೇ!"

"ಆಯ್ತು ಅತ್ತೆ, ಆಯ್ತು."

ಸೊಸೆ ಒಂದು ಕೈಯಲ್ಲಿ ಹತ್ತಿ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಾರೆ. ದಿನದ ಮೊದಲ ಇಂಜೆಕ್ಷನ್ ಮುಗಿಯಿತು. ಮೊದಲ ಸುಳ್ಳೂ ಮುಗಿಯಿತು.

ಈ ಸೊಸೆಗೆ ಸರ್ಕಾರಿ ಆಸ್ಪತ್ರೆಯ ಇಂಜೆಕ್ಷನ್ ಕೋಣೆಯೇ ಇನ್ನೊಂದು ಮನೆ. ಊರಿನ ಅರ್ಧಕ್ಕರ್ಧ ಜನರ ತೋಳು ಇವರ ಕೈ ದಾಟಿ ಬಂದಿದೆ. ಇವರ ಹೆಸರು ಮಾತ್ರ ಯಾರ ಬಾಯಲ್ಲೂ ಇಲ್ಲ. ಎಲ್ಲರಿಗೂ ಇವರು 'ನೋವಾಗಲ್ಲಮ್ಮ'. ಬೆಳಗಿನ ಬಲಿಪೂಜೆಗೆ ಮುಂಚೆ ಚರ್ಚಿನ ಪೀಠದ ಬಟ್ಟೆ ಹಾಸಿ, ಹೂದಾನಿಯ ನೀರು ಬದಲಿಸಿ, ಪೂಜೆ ಮುಗಿಸಿಕೊಂಡು ಆಸ್ಪತ್ರೆಗೆ ಓಡುತ್ತಾರೆ. ದಿನಕ್ಕೆ ಎಪ್ಪತ್ತು ಎಂಬತ್ತು ಸೂಜಿ. ಸಂಜೆ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಗಾಯಗಳಿಗೆ ಪಟ್ಟಿ ಕಟ್ಟುತ್ತಾರೆ. ಗಡಿಯಾರ ರಿಪೇರಿ ಮಾಡುವ ಪತಿ ಹೇಳುವ ಪ್ರಕಾರ, "ಮೊದಲು ದೇವರಿಗೆ, ಆಮೇಲೆ ರೋಗಿಗಳಿಗೆ, ಆಮೇಲೆ ಅಮ್ಮನಿಗೆ. ಉಳಿದ ಟೈಮು ನನಗೆ. ನಾನು ಗಡಿಯಾರದೋನು, ಎಷ್ಟು ಉಳಿಯುತ್ತೆ ಅಂತ ನನ್ನನ್ನ ಕೇಳಿ!"

ಇವರ ಬಗ್ಗೆ ಬರೆಯಲು ಬಂದ ನಾನು ಇಂಜೆಕ್ಷನ್ ಕೋಣೆಯ ಬಾಗಿಲಲ್ಲಿ ನಿಂತು ನೋಡುತ್ತೇನೆ. ಬಾಗಿಲಿಗೇ ಅಡ್ಡವಾಗುವಂಥ ಲಾರಿ ಚಾಲಕ ಹೆಂಡತಿಯ ಕೈ ಹಿಡಿದು ಕುಳಿತಿದ್ದಾನೆ. "ನೋವಾಗಲ್ಲಪ್ಪ" ಎನ್ನುತ್ತಾರೆ ನೋವಾಗಲ್ಲಮ್ಮ. ಅವನು ಉಸಿರು ಬಿಡುತ್ತಾನೆ, ತೋಳು ಸಡಿಲಾಗುತ್ತದೆ, ಸೂಜಿ ಒಳಗೆ. ಗುಟ್ಟು ಇಷ್ಟೇ. "ಬಿಗಿ ಹಿಡಿದ ತೋಳಿಗೆ ಚುಚ್ಚಿದ್ರೆ ನೋವು ಜಾಸ್ತಿ. ಆ ಮಾತು ಹೇಳಿದ್ರೆ ಸಡಿಲ ಬಿಡ್ತಾರೆ. ಹಾಗಂತ ಸುಳ್ಳು ಸುಳ್ಳಲ್ಲದೆ ಹೋಗುತ್ತಾ ಹೇಳಿ?"

ಆದ್ದರಿಂದ ಪ್ರತಿ ಶನಿವಾರ ಸಂಜೆ ಪಾಪನಿವೇದನೆಗೆ ಗುರುಗಳು ಕೂರುವ ಜಾಲರಿಯ ಮುಂದೆ ಮೊಣಕಾಲೂರಿ, "ಸುಳ್ಳು ಹೇಳಿದ್ದೀನಿ ಫಾದರ್, ಲೆಕ್ಕ ಇಟ್ಟಿಲ್ಲ" ಎನ್ನುವುದು ಇವರ ಪದ್ಧತಿ. ಹಿಂದಿದ್ದ ವಯಸ್ಸಾದ ಗುರುಗಳು ನಡುವೆಯೇ ತೂಕಡಿಸಿ, ಎಚ್ಚರಾದಾಗ ಕ್ಷಮೆ ಕೊಟ್ಟು ಕಳಿಸುತ್ತಿದ್ದರಂತೆ. ಎರಡು ವರ್ಷದ ಹಿಂದೆ ಬಂದ ಹೊಸ ಗುರುಗಳು ತೂಕಡಿಸುವವರಲ್ಲ.

"ಜಾಲರಿಯಾಚೆಯಿಂದ ಕೇಳಿದ್ರು, 'ಇನ್ಮೇಲೆ ಹೇಳಲ್ಲ ಅಂತ ಮನಸ್ಸು ಮಾಡಿದ್ದೀರಾಮ್ಮ?' ಅಂತ. ಇಲ್ಲ ಫಾದರ್, ಸೋಮವಾರ ಡ್ಯೂಟಿ ಇದೆ ಅಂದೆ. 'ಹಾಗಾದ್ರೆ ಕ್ಷಮೆ ಹೇಗೆ ಕೊಡ್ಲಿ?' ಅಂದುಬಿಟ್ರು!"

ನೋವಾಗಲ್ಲಮ್ಮ ಸತ್ಯಕ್ಕೆ ಇಳಿದೇಬಿಟ್ಟರು. ಮೊದಲ ಬಲಿ ಅತ್ತೆ. "ನೋವಾಗುತ್ತೆ ಅತ್ತೆ" ಎಂದದ್ದೇ ತಡ, ಮುದುಕಿ ಎದ್ದು ಕುಳಿತರಂತೆ. "ನಾನೇನು ಮಾಡಿದೆ ನಿನಗೆ? ನನ್ನ ಮೇಲೆ ಯಾಕೆ ಈ ಸಿಟ್ಟು?" ಆಸ್ಪತ್ರೆಯಲ್ಲಿ ಮಕ್ಕಳು ಮೇಜಿನ ಕೆಳಗೆ ಸೇರಿಕೊಂಡವು, ದೊಡ್ಡವರು ನೀರು ಕುಡಿದು ಬರುವ ನೆಪದಲ್ಲಿ ಪರಾರಿಯಾದರು. 'ಇರುವೆ ಕಚ್ಚಿದ ಹಾಗಾಗುತ್ತೆ' ಎಂದು ನೋಡಿದರು. ಯಾವ ಇರುವೆ, ಎಷ್ಟು ದೊಡ್ಡದು ಎಂಬ ಪ್ರಶ್ನೆ ಬಂತು. ಒಬ್ಬಾಕೆ ಮಗುವನ್ನು ಎತ್ತಿಕೊಂಡು ಲಸಿಕೆ ಹಾಕಿಸದೆ ಹೊರಟುಹೋದಳು. ಅವಳ ಹಿಂದೆ ರಸ್ತೆಯವರೆಗೆ ಓಡಿ, "ಬಾರಮ್ಮ, ನೋವಾಗಲ್ಲ" ಎಂದು ಕರೆತಂದರು. ಸತ್ಯದ ಕಥೆ ಅಲ್ಲಿಗೆ ಮುಗಿಯಿತು.

ಸುಳ್ಳು ಬಿಡಲಾಗದೆ, ಕ್ಷಮೆಯೂ ಸಿಗದ ಮೇಲೆ, ಬಲಿಪೂಜೆಯಲ್ಲಿ ಗುರುಗಳು ಕೊಡುವ ಪರಮಪ್ರಸಾದ ತೆಗೆದುಕೊಳ್ಳುವುದು ಹೇಗೆ? ಇಷ್ಟಕ್ಕೆಲ್ಲ ಯಾರೂ ಪರಮಪ್ರಸಾದ ಬಿಡುವುದಿಲ್ಲ, ಇವರು ಬಿಟ್ಟರು. ಭಾನುವಾರ ಎಲ್ಲರೂ ಎದ್ದು ಸಾಲಿನಲ್ಲಿ ಹೋದರೆ, ಪೀಠದ ಬಟ್ಟೆ ಹಾಸಿದವರು ಮಾತ್ರ ಬೆಂಚಿನಲ್ಲೇ ಉಳಿದರು. ಚರ್ಚಿಗೆ ಚರ್ಚೇ ಗುಸುಗುಸು. ಇಂಥ ಹೆಂಗಸು ಅಂಥ ಯಾವ ಘೋರ ಪಾಪ ಮಾಡಿರಬಹುದು? ಕೆಟ್ಟುಹೋಗದ ಗಡಿಯಾರಗಳನ್ನೂ ರಿಪೇರಿಗೆ ತಂದು ಜನ ಪತಿಯ ಬಾಯಿ ಬಿಡಿಸಲು ನೋಡಿದರು. "ವ್ಯಾಪಾರ ಚೆನ್ನಾಗಿತ್ತು" ಎಂದು ಆತ ಈಗ ನಗುತ್ತಾರೆ. ಇವರು ಮಾತ್ರ ಆ ಭಾನುವಾರಗಳ ಮಾತು ಬಂದರೆ ನಗುವುದಿಲ್ಲ. "ಬೆಂಚಿನಲ್ಲಿ ಒಬ್ಳೇ ಕೂತಿರ್ತಿದ್ದೆ. ಹಸಿವಾದ ಹಾಗೆ ಆಗ್ತಿತ್ತು" ಎನ್ನುತ್ತಾರೆ.

ಈ ಕಗ್ಗಂಟನ್ನು ಬಿಡಿಸಿದ್ದು ಚರ್ಚಿನ ಗಂಟೆ ಬಾರಿಸುವವನ ನಾಯಿ. ಒಂದು ಬೆಳಿಗ್ಗೆ ಅದು ಗುರುಗಳ ಮೀನಖಂಡಕ್ಕೇ ಬಾಯಿ ಹಾಕಿತು. ಗುರುಗಳು ಕುಂಟುತ್ತಾ ಆಸ್ಪತ್ರೆಗೆ ಬಂದು ಇಂಜೆಕ್ಷನ್ ಸಾಲಿನಲ್ಲಿ ನಿಂತರು. ಮುಂದಿನವರಿಗೆಲ್ಲ 'ನೋವಾಗಲ್ಲ' ಸಿಗುವುದನ್ನು ಕೇಳುತ್ತಾ ಕೇಳುತ್ತಾ ಸ್ಟೂಲಿಗೆ ಬಂದರು. ತೋಳು ಮರಗಟ್ಟಿತ್ತು, ಹಣೆ ಬೆವರಿತ್ತು.

"ನೋವಾಗುತ್ತಾಮ್ಮ?"

ನೋವಾಗಲ್ಲಮ್ಮ ಸಿರಿಂಜು ಹಿಡಿದು ನಿಂತೇಬಿಟ್ಟರು. "ಆಗುತ್ತೆ ಫಾದರ್."

ಗುರುಗಳು ತೋಳು ಹಿಂದಕ್ಕೆಳೆದುಕೊಂಡರು. ಸಾಲು ಉಸಿರು ಬಿಗಿಹಿಡಿಯಿತು.

"ಅವರಿಗೆಲ್ಲ ಬೇರೆ ಹೇಳಿದ್ರಲ್ಲ?"

"ಅದು ಸುಳ್ಳು ಫಾದರ್."

ಗುರುಗಳು ಸೂಜಿಯನ್ನೊಮ್ಮೆ ನೋಡಿದರು, ಮೇಲಕ್ಕೊಮ್ಮೆ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ, "ನನಗೂ ಅದನ್ನೇ ಹೇಳಿ" ಎಂದರು.

"ನೋವಾಗಲ್ಲ ಫಾದರ್."

ಅವರ 'ಅಯ್ಯೋ ದೇವರೇ' ಔಷಧಿ ಅಂಗಡಿಯವರೆಗೂ ಕೇಳಿಸಿತಂತೆ. ಇಂಜೆಕ್ಷನ್ ವಿಷಯ ಗುರುಗಳನ್ನೇ ಕೇಳಿದೆ. "ಪಾಪನಿವೇದನೆ ಬಗ್ಗೆ ನಾನು ತುಟಿ ಬಿಚ್ಚೋ ಹಾಗಿಲ್ಲ. ನೋವಿನ ಬಗ್ಗೆ ಬೇಕಾದ್ರೆ ಹೇಳ್ತೀನಿ: ಆಯ್ತು. ಆದ್ರೆ ಆ ಮಾತು ಇಲ್ಲದಿದ್ರೆ ನಾನು ಎದ್ದು ಓಡ್ತಿದ್ದೆ" ಎಂದರು.

ಆ ಶನಿವಾರ ಜಾಲರಿಯಾಚೆ ಏನಾಯಿತು ಎಂಬುದನ್ನು ಇವರೇ ಹೇಳಬೇಕು. "ಫಾದರ್, ಈ ವಾರ ಒಬ್ಬ ಗುರುಗಳಿಗೇ ಸುಳ್ಳು ಹೇಳಿದೆ ಅಂದೆ. ಆಮೇಲೆ, 'ಹೆದರಿದವರ ಕೈ ಹಿಡಿಯೋದನ್ನ ನಾನು ಪಾಪ ಅಂದುಕೊಂಡಿದ್ದೆ, ನಂದೇ ತಪ್ಪು' ಅಂದ್ರು. ನಾಳೆ ಪ್ರಸಾದಕ್ಕೆ ಬನ್ನಿ ಅಂದ್ರು. ಪ್ರಾಯಶ್ಚಿತ್ತ ಏನು ಅಂತ ಕೇಳಿದ್ರೆ, ನಾಯಿ ಕಚ್ಚಿದ್ದಕ್ಕೆ ಅವರಿಗೆ ಇನ್ನೂ ನಾಲ್ಕು ಸೂಜಿ ಬಾಕಿ ಇತ್ತಲ್ಲ, ನಾಲ್ಕೂ ನಾನೇ ಹಾಕಬೇಕಂತೆ. ಆ ಮಾತು ಹೇಳಿ ಹಾಕಬೇಕಂತೆ!"

ಮುಂದಿನ ತಿಂಗಳು ನೋವಾಗಲ್ಲಮ್ಮನಿಗೆ ನಿವೃತ್ತಿ. ಆಸೆ ಏನಾದರೂ ಉಂಟೇ ಎಂದು ಕೇಳುತ್ತೇನೆ. ನನ್ನ ಪ್ರಶ್ನೆಗಿಂತ, ಗೇಟಿನ ತಂತಿ ತರಚಿದ ನನ್ನ ಮೊಣಕೈ ಮೇಲೆ ಅವರ ಕಣ್ಣಿದೆ. ಬೇಡ ಬೇಡ ಎನ್ನುವಷ್ಟರಲ್ಲಿ ಧನುರ್ವಾಯು ಸೂಜಿಗೆಂದು ಸ್ಟೂಲಿನ ಮೇಲೆ ಕೂರಿಸಿಬಿಟ್ಟಿದ್ದಾರೆ. ತೋಳಿಗೆ ತಣ್ಣಗೆ ಸ್ಪಿರಿಟ್ ತಾಗುತ್ತದೆ.

"ಆಸೆ ಏನಪ್ಪ... ನಾಳೆ ನಾನೂ ಅತ್ತೆ ಥರ ಹಾಸಿಗೆ ಹಿಡಿತೀನಿ. ಯಾರೋ ಒಬ್ಳು ಹುಡುಗಿ ಸೂಜಿ ಹಿಡ್ಕೊಂಡು ಬರ್ತಾಳೆ. ಅವಳಿಗೆ ಆ ಮಾತು ಹೇಳೋಕೆ ಬರಬೇಕು, ಅಷ್ಟೇ. ಸುಳ್ಳು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ರೂ ನಂಬ್ತೀನಿ." ಸಿರಿಂಜನ್ನು ಬೆಳಕಿಗೆ ಹಿಡಿದು ತಟ್ಟುತ್ತಾರೆ. "ತೋಳು ಸಡಿಲ ಬಿಡಪ್ಪ. ನೋವಾಗಲ್ಲ."

ಬಿಡುತ್ತೇನೆ.