ಭಾವ ಬಾರಿಸದ ಗಂಟೆ

ನಮ್ಮ ಭಾವ ಧರ್ಮಸಿರಿ ಇಪ್ಪತ್ತಾರು ವರ್ಷಗಳಿಂದ ಶ್ರೀಲಂಕಾದ ಕ್ಯಾಂಡಿಯಲ್ಲಿ ಕೂತು ವಿದೇಶದವರ ರಜೆಗೆ ಯೋಜನೆ ಹಾಕಿಕೊಡುತ್ತಿದ್ದಾನೆ. ಬರುವವರಿಗೆ ಎಂಟೇ ದಿನದಲ್ಲಿ ಎರಡು ಸಾವಿರ ವರ್ಷದ ಇತಿಹಾಸವೂ ಬೇಕು, ಚಹಾ ತೋಟದ ರೈಲೂ ಬೇಕು, ಕಡಲಲ್ಲಿ ಈಜೂ ಬೇಕು, ಮೇಲೆ ಅದು ಸಾಯುವ ತನಕ ನೆನಪಿರಬೇಕು! ಕೂತು ಕೂತು ಅವನ ಬೆನ್ನು ಬಗ್ಗಿದೆ, ಮಂಡಿ ಸೋತಿದೆ. ರಜೆ ಎಂಬ ಮಾತು ಕೇಳಿದರೇ ಆಕಳಿಸುತ್ತಾನೆ.

ಮೊನ್ನೆ ಮಧ್ಯಾಹ್ನ ನಾನೂ ಅವನೂ ಊಟಕ್ಕೆ ಕೂತಿದ್ದಾಗ ಜರ್ಮನಿಯ ಮುದುಕಿಯೊಬ್ಬಳ ಫೋನು ಬಂತು. ಕೈ ಎಂಜಲಾಗಿದ್ದರಿಂದ ಭಾವ ಸ್ಪೀಕರ್ ಹಾಕಿದ. ಅವಳಿಗೆ ಮೂರನೆಯ ಸಲ ಶ್ರೀಪಾದ ಬೆಟ್ಟ ಹತ್ತಬೇಕಂತೆ. ಎಷ್ಟು ಸಲ ಹತ್ತಿದ್ದೇವೋ ಅಷ್ಟು ಸಲ ತುದಿಯಲ್ಲಿರುವ ಗಂಟೆ ಬಾರಿಸುವುದು ನಮ್ಮಲ್ಲಿ ವಾಡಿಕೆ. ಅದನ್ನು ಅವಳಿಗೆ ಹೇಳಿಕೊಟ್ಟವನೂ ಭಾವನೇ.

"ಈ ಸಲ ನಾನು ಮೂರು ಬಾರಿಸ್ತೀನಿ. ನೀವು ಎಷ್ಟು ಬಾರಿಸ್ತೀರಿ?" ಎಂದಳು.

ಭಾವ ಗೋಡೆಯ ಮೇಲಿದ್ದ ಬೆಟ್ಟದ ಚಿತ್ರವನ್ನು ಒಮ್ಮೆ ನೋಡಿದ. ಬೆಟ್ಟ ಹತ್ತುವ ಕಾಲ ಬಂತೆಂದರೆ ಪ್ರತಿ ವರ್ಷವೂ ಅವನಿಗೆ ಬೇರೆಯವರನ್ನು ಹತ್ತಿಸುವುದೇ ಕೆಲಸ.

"ಅದೆಲ್ಲ ಲೆಕ್ಕ ಇಟ್ಟಿಲ್ಲ ಮೇಡಂ," ಎಂದ.

"ಅಬ್ಬಾ, ಅಷ್ಟೊಂದ್ ಸಲಾನಾ!" ಎಂದು ಅವಳು ಬೆರಗಾಗಿ ಫೋನಿಟ್ಟಳು.

ಒಂಬತ್ತು ಸಲ ಆ ಗಂಟೆ ಬಾರಿಸಿ ಬಂದಿರುವ ನಮ್ಮಕ್ಕ, ಅವನ ತಟ್ಟೆಗೆ ಇನ್ನಷ್ಟು ಅನ್ನ ಬಡಿಸುತ್ತಾ ಹೇಳಿದಳು: "ಪಾಪ, ಸೊನ್ನೇನ ಲೆಕ್ಕ ಇಡೋದು ಕಷ್ಟಾನೇ ಬಿಡಿ."