ಅಪ್ಪನ ಅಷ್ಟಮಿ

ನಮ್ಮ ಮನೆ ಹಳೇಬೀಡಿನಲ್ಲಿ, ಬಸ್ತಿಹಳ್ಳಿಯ ಬಸದಿಗಳಿಗೆ ನಡೆದೇ ಹೋಗುವಷ್ಟು ಹತ್ತಿರ. ಜೈನರ ಮನೆ; ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತದೆ. ಹೆಂಡದ ಮಾತಿರಲಿ, ಜೇನುತುಪ್ಪವೂ ಒಳಗೆ ಬರುವುದಿಲ್ಲ. ಇಂಥ ಮನೆಯಿಂದ ನಾನು ಎಂ.ಎಸ್ಸಿ. ಓದಲು ಇಂಗ್ಲೆಂಡಿಗೆ ಹೋದೆ.

ಅಲ್ಲಿ ಪಾಠ ನಡೆಯುತ್ತಿದ್ದುದು ತರಗತಿಯಲ್ಲಿ, ಸ್ನೇಹ ಬೆಳೆಯುತ್ತಿದ್ದುದು ಪಬ್ಬಿನಲ್ಲಿ. ಪ್ರಾಜೆಕ್ಟಿನ ಮಾತುಕತೆ, ಹುಟ್ಟುಹಬ್ಬ, ಪರೀಕ್ಷೆ ಮುಗಿದ ಸಂಜೆ, ಎಲ್ಲವೂ ಅಲ್ಲೇ. ಸರದಿಯ ಪ್ರಕಾರ ಒಬ್ಬೊಬ್ಬರು ಎಲ್ಲರಿಗೂ ಕುಡಿಯಲು ಕೊಡಿಸುತ್ತಾರೆ. ಮೊದಲ ವಾರ ನನ್ನನ್ನೂ ಕೇಳಿದರು. ಬೇಡ ಎಂದೆ. ನಮ್ಮ ಕಡೆ ಬೇಡ ಎಂಬುದು ಉಪಚಾರದ ಆರಂಭ ಅಷ್ಟೆ. ಎಷ್ಟು ಸಲ ಬೇಡ ಅಂದರೂ ಎಲೆಗೆ ಬೀಳುವುದು ಬಿದ್ದೇ ಬೀಳುತ್ತದೆ. ಅವರು ಒಂದೇ ಸಲಕ್ಕೆ ನಂಬಿದರು. ಗೌರವದಿಂದಲೇ ನಂಬಿದರು. ಆಮೇಲೆ ಕುಡಿಯಲು ಮಾತ್ರವಲ್ಲ, ಜೊತೆಗೆ ಬರಲೂ ಕರೆಯಲಿಲ್ಲ. ಅವರು ನನ್ನನ್ನು ಹೊರಗಿಟ್ಟರೋ, ಇನ್ನೊಮ್ಮೆ ಕರೆಯಲಿ ಎಂದು ನಾನೇ ಕಾಯುತ್ತ ಕೂತೆನೋ, ಈಗ ಖಚಿತವಾಗಿ ಹೇಳಲಾರೆ.

ನನ್ನ ಕೋಣೆಯಲ್ಲಿದ್ದ ಕೀನ್ಯಾದ ಗೆಳತಿಯೂ ಕುಡಿಯದ ಮನೆಯವಳು. ಅವಳು ಉಪಾಯ ಹೇಳಿಕೊಟ್ಟಳು: ದ್ರಾಕ್ಷಿ ರಸವನ್ನು ವೈನ್ ಗ್ಲಾಸಿನಲ್ಲಿ ಕೇಳು, ಕೈಯಲ್ಲಿ ಗ್ಲಾಸಿದ್ದರೆ ಯಾರೂ ಏನೂ ಕೇಳುವುದಿಲ್ಲ. ಹಾಗೇ ಮಾಡಿದೆ. ಅವಳ ಹುಟ್ಟುಹಬ್ಬದ ಸಂಜೆ ಪಬ್ಬಿನಲ್ಲಿ, ಆ ಗ್ಲಾಸು ನನ್ನ ಕೈಯಲ್ಲಿದ್ದಾಗ ಯಾರೋ ಫೋಟೋ ತೆಗೆದರು. ಆ ವರ್ಷ ನಾನು ನಗುತ್ತಿರುವ ಫೋಟೋ ಬಹುಶಃ ಅದೊಂದೇ. ಮೊಬೈಲಿನಿಂದ ಮೊಬೈಲಿಗೆ ಹಾರಿ ಅದು ಊರಿನಲ್ಲಿ ಚಿಕ್ಕಪ್ಪನ ಕೈ ಸೇರಿತು.

"ಏನಣ್ಣಾ, ಮಗಳು ಅಲ್ಲಿ ಬಲು ಜೋರಾಗವ್ಳೆ!" ಎಂದು ಅವರು ಊರ ಅಂಗಡಿಯಲ್ಲಿ ಎಲ್ಲರೆದುರೇ ಅಪ್ಪನನ್ನು ಹಂಗಿಸಿದರಂತೆ. ಅಪ್ಪ ಫೋನಿನಲ್ಲಿ ನನ್ನನ್ನು ಏನೂ ಕೇಳಲಿಲ್ಲ.

ಓದು ಮುಗಿಸಿ ಬಂದಾಗ ಅಪ್ಪ ಅರಸೀಕೆರೆ ಸ್ಟೇಷನ್ನಿಗೆ ಬಂದಿದ್ದರು. ಮೈ ಇಳಿದುಹೋಗಿತ್ತು. ಹೊರಗೆ ನನಗೆ ಎಳನೀರು ಕೊಡಿಸಿ ತಾವು ಕುಡಿಯದೆ ನಿಂತರು.

"ನೀವೂ ಕುಡೀರಪ್ಪ."

"ಇವತ್ತು ಅಷ್ಟಮಿ ಕಣಮ್ಮ."

ಅಪ್ಪನಿಗೆ ಸಕ್ಕರೆ ಕಾಯಿಲೆ. ಉಪವಾಸ ಕೂಡದೆಂದು ಡಾಕ್ಟರು ಹೇಳಿ, ಎಷ್ಟೋ ವರ್ಷದಿಂದ ಅಷ್ಟಮಿ ಬಿಟ್ಟಿದ್ದರು. ಮನೆಗೆ ಬಂದ ಮೇಲೆ ಅಮ್ಮ ಅಡುಗೆಮನೆಗೆ ಕರೆದು ಹೇಳಿದಳು: "ನಿನ್ನ ಹೆಸರಲ್ಲೇ ಕಣೇ ಮತ್ತೆ ಉಪವಾಸ ಹಿಡಿದಿರೋದು. ಆ ಫೋಟೋ ನೋಡಿದಾಗಿಂದ. ಮಗಳ ಪಾಪ ನಂಗಿರಲಿ ಅಂತಾರೆ. ನೀನೇ ಹೇಳಿ ಬಿಡಿಸು."

ಒಬ್ಬರ ಕರ್ಮವನ್ನು ಇನ್ನೊಬ್ಬರು ಕಳೆಯಲಾಗದು. ಇದನ್ನು ನನಗೆ ಕಲಿಸಿದವರೇ ಅಪ್ಪ.

ಮರುದಿನ ಬೆಳಗ್ಗೆ ಬಸದಿಗೆ ಹೋದಾಗ ಹೇಳಿದೆ. "ಅಪ್ಪಾ, ಅದು ದ್ರಾಕ್ಷಿ ರಸ. ನಿಮ್ಮ ಉಪವಾಸ ನಿಲ್ಲಿಸಿ."

"ಆಯ್ತು ಬಿಡಮ್ಮ, ದ್ರಾಕ್ಷಿ ರಸಾನೇ. ಚಳಿ ದೇಶ, ಒಬ್ಳೇ ಇದ್ದೆ. ನಾನೇನಾದ್ರೂ ಬೈದ್ನಾ?"

ಪಾರ್ಶ್ವನಾಥನ ಎದುರು ಆಣೆ ಇಡಲು ಕೈ ಚಾಚಿದೆ. ಅಪ್ಪ ಥಟ್ಟನೆ ಆ ಕೈ ಹಿಡಿದು ಕೆಳಗಿಳಿಸಿದರು.

"ಆಣೆ ಗೀಣೆ ಬೇಡ ಕಣೇ. ಸುಳ್ಳಾದ್ರೆ ಅದೊಂದು ಬೇರೆ ಪಾಪ ಸುತ್ಕೊಳ್ತದೆ."

ಬೈದಿದ್ದರೆ ವಾದಿಸಬಹುದಿತ್ತು. ಮಾಡದ ತಪ್ಪನ್ನು ಇಷ್ಟು ಪ್ರೀತಿಯಿಂದ ಕ್ಷಮಿಸಿಬಿಟ್ಟರೆ ಏನು ಹೇಳುವುದು?

ಈಗೀಗ ಇನ್ನೊಂದು ಭಯ. ಆ ಸಂಜೆಯ ನನ್ನ ದಿನಚರಿಯಲ್ಲಿರುವುದು ಚಳಿಯ ಮಾತು ಮಾತ್ರ, ಏನು ಕುಡಿದೆ ಎಂದಿಲ್ಲ. ಫೋಟೋ ನೆನೆದಾಗಲೆಲ್ಲ ನಾಲಿಗೆಗೆ ಸಿಹಿ ಬರುವುದಿಲ್ಲ, ಒಗರು ಬರುತ್ತದೆ. ವೈನು ಒಗರೋ ಹುಳಿಯೋ ತಿಳಿಯದವಳು ನಾನು. ಅಪ್ಪ ನಂಬಿದ್ದೇ ನಿಧಾನವಾಗಿ ನನ್ನ ನೆನಪಿನ ಗ್ಲಾಸಿಗೂ ಇಳಿದಿರಬೇಕು.

ಮೊನ್ನೆಯ ಅಷ್ಟಮಿಗೆ ನಾನೂ ಉಣ್ಣಬಾರದೆಂದುಕೊಂಡೆ. ನಾನು ಉಣ್ಣದಿದ್ದರೆ ಅಪ್ಪ ಸೋತು ಉಪವಾಸ ಬಿಡಬಹುದು ಎಂಬ ಆಸೆ.

"ಬೇಡಪ್ಪ, ಹಸಿವಿಲ್ಲ."

"ಬೇಡ ಅಂದ್ರೆ ಯಾರ್ ನಂಬ್ತಾರೆ?" ಅಪ್ಪ ನಕ್ಕು, ತಾವೇ ಎದ್ದು ಬಂದು ನನ್ನ ತಟ್ಟೆಗೆ ಅನ್ನ ಹಾಕಿ ಸಾರು ಬಿಟ್ಟರು. "ಉಣ್ಣು, ಆರೋಗ್ತದೆ."

ಬಿಸಿನೀರಿನ ಲೋಟ ಹಿಡಿದು ಎದುರಿಗೆ ಕೂತರು. ನಾನು ಉಂಡೆ.