ಎಂಪಿಯವರ ಬಾಯಲ್ಲಿ ಕವಳ

ಗಂಡನ ಹೆಸರು ಹೇಳಿದರೆ ಅವರ ಆಯುಷ್ಯ ಕಡಿಮೆಯಾಗುತ್ತದೆ ಎಂದು ನನ್ನ ಅತ್ತೆ ನಂಬಿದ್ದರು. ಅದು ನಿಜವಾಗಿದ್ದರೆ, ಒಂದು ಇಡೀ ಎಲೆಕ್ಷನ್ನು ಮೈಕಿನಲ್ಲಿ ಕೂಗಿಸಿಕೊಂಡ ಈ ಮನುಷ್ಯ ಎಂದೋ ಶಿವನ ಪಾದ ಸೇರಬೇಕಿತ್ತು. ಅವರ ಹೆಸರು ನಾಗಪತಿ. ಊರು ಹೆಗಡೆಕಟ್ಟಾ. ೧೯೯೯ರಿಂದ ೨೦೦೪ರವರೆಗೆ ಪಾರ್ಲಿಮೆಂಟಿನ ಮೆಂಬರಾಗಿದ್ದರು. ನಾನು ವೇದಾ, ಅವರ ಹೆಂಡತಿ. ಅವರ ಕಥೆಯನ್ನು ಅವರೇ ಹೇಳಬೇಕಿತ್ತು, ಆದರೆ ಆ ಬಾಯಿಯ ಕಥೆ ನನಗೆ ಗೊತ್ತಿಲ್ಲವೇ? ನಾನೇ ಹೇಳುತ್ತೇನೆ.

ಅವರಿಗಿದ್ದ ದೊಡ್ಡ ರೋಗವೆಂದರೆ, 'ಇಲ್ಲ' ಎನ್ನಲು ನಾಲಗೆ ಏಳುತ್ತಿರಲಿಲ್ಲ. ಅಡಿಕೆ ಸೊಸೈಟಿಯ ಡೈರೆಕ್ಟರಾಗಿದ್ದ ಕಾಲದಿಂದಲೂ ಅಷ್ಟೇ. ಯಾರಾದರೂ ಆಗದ ಕೆಲಸ ಕೇಳಿದರೆ ಸೊಂಟದ ಸಂಚಿ ಬಿಚ್ಚುವರು. ಎಲೆಯ ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳು, ಚೂರು ತಂಬಾಕು ಸೇರಿಸಿ ಕವಳ ಬಾಯಿಗೆ ಹಾಕಿಬಿಡುವರು. ಬಾಯಿ ತುಂಬ ಕವಳ ಇದ್ದವನು ಗದ್ದ ಮೇಲೆತ್ತಿ 'ಊಂ ಊಂ' ಎನ್ನಬಹುದೇ ಹೊರತು ಮಾತಾಡಲಾರ, ಅವನನ್ನು ಮಾತಾಡಿಸುವುದೂ ನಮ್ಮ ಕಡೆ ಮರ್ಯಾದೆಯಲ್ಲ. ಕೇಳಲು ಬಂದವರು ಒಂದಿಷ್ಟು ಹೊತ್ತು ಕೂತು, ಅರ್ಥ ಮಾಡಿಕೊಂಡು, ಎದ್ದು ಹೋಗುವರು. ಶಿರಸಿಯಿಂದ ಸಿದ್ದಾಪುರದವರೆಗೆ ಎಲ್ಲರಿಗೂ ಇದು ಗೊತ್ತಿತ್ತು. ನಾಗಪತಿ ಕವಳ ಹಾಕಿದ ಎಂದರೆ ಕೆಲಸ ಆಗುವುದಿಲ್ಲ ಎಂದೇ ಲೆಕ್ಕ.

ದಿಲ್ಲಿಗೆ ಹೋದ ಮೇಲೆ ಅವರನ್ನು ರಕ್ಷಣಾ ಇಲಾಖೆಯ ಸಮಿತಿಯೊಂದಕ್ಕೆ ಹಾಕಿದರು. ಅಲ್ಲಿ ಬಾಗಿಲು ಮುಚ್ಚಿ ಮಾತಾಡುತ್ತಾರಂತೆ, ಆಡಿದ ಮಾತು ಹೊರಗೆ ಬರುವಂತಿಲ್ಲವಂತೆ. "ಎಂತ ಮಾತಾಡಿದ್ರಿ ಇವತ್ತು?" ಎಂದು ನಾನು ಫೋನಿನಲ್ಲಿ ಕೇಳಿದರೆ ಆ ಕಡೆಯಿಂದ ಸುಣ್ಣದ ಡಬ್ಬಿಯ ಮುಚ್ಚಳದ ಸದ್ದು ಕೇಳುತ್ತಿತ್ತು! ಊರಿಗೆ ಬಂದರೆ ಬೇರೆಯೇ ಲೋಕ. ಅಡಿಕೆ ದರ ಬಿದ್ದುಹೋಗಿದೆ, ತೋಟಕ್ಕೆ ಸೊಪ್ಪು ತರುವ ಬೆಟ್ಟಕ್ಕೆ ಅರಣ್ಯದವರು ಹೋಗಗೊಡುವುದಿಲ್ಲ, ಗ್ಯಾಸ್ ಕನೆಕ್ಷನ್ ಬೇಕು. ಸೋಂದಾದ ಅಜ್ಜನೊಬ್ಬ ಮುಖಕ್ಕೆ ಹೊಡೆದ ಹಾಗೆ ಕೇಳಿದ್ದ, "ತಮಾ, ನೀ ಪಾಕಿಸ್ತಾನ ಆಮೇಲೆ ನೋಡು, ಮೊದ್ಲು ಯಮ್ಮನೆ ಫೋನ್ ಎಂತಕ್ಕೆ ಸತ್ತೋಯ್ದು ನೋಡು." ನಮ್ಮವರು ನಗುತ್ತ ಸಂಚಿ ಬಿಚ್ಚಿದ್ದರು.

೨೦೦೨ನೇ ಇಸವಿಯ ಚಳಿಗಾಲದ ಕೊನೆ. ಗಡಿಯ ಉದ್ದಕ್ಕೂ ಸೈನ್ಯ ಹೋಗಿ ಕೂತಿತ್ತು, ಯುದ್ಧ ಮಾತ್ರ ಶುರುವಾಗಿರಲಿಲ್ಲ. ನಮ್ಮವರು ದಿಲ್ಲಿಯಿಂದ ಆಗಷ್ಟೇ ಬಂದಿದ್ದರು. ಶಿರಸಿಯಲ್ಲಿ ನಾವಿದ್ದ ಮನೆಯ ಜಗಲಿಯಲ್ಲಿ ಬೆಳಿಗ್ಗೆಯೇ ಜನ ತುಂಬಿದ್ದರು. ಯಲ್ಲಾಪುರದ ಲಾರಿ ಮಾಲೀಕ ಶಾಂತಾರಾಮ ತನ್ನ ತಮ್ಮನಿಗೆ ಕೆಲಸ ಕೊಡಿಸಿ ಎಂದ, ನಮ್ಮವರು ಕವಳ ಹಾಕಿದರು, ಗೊಣಗುತ್ತ ಎದ್ದು ಹೋದ. ಅವನ ಹಿಂದೆ ಬನವಾಸಿ ಕಡೆಯ ಹಳ್ಳಿಯ ಗಿರಿಜವ್ವ ಕೂತಿದ್ದಳು. ಗಂಡನಿಲ್ಲದ ಹೆಂಗಸು, ಒಬ್ಬನೇ ಮಗ. ಅವಳನ್ನು ಕರೆದುಕೊಂಡು ಬಂದವನು ಅವಳೂರಿನ ಕಿರಾಣಿ ಅಂಗಡಿಯ ಪರಮೇಶ್ವರಪ್ಪ. ಎದ್ದು ಹೋದ ಶಾಂತಾರಾಮನನ್ನು ತೋರಿಸಿ ಅವನು ಅವಳ ಕಿವಿಯಲ್ಲಿ ಹೇಳಿದ್ದು ಚಹಾ ಕೊಡಲು ಬಂದ ನನಗೂ ಕೇಳಿಸಿತು. "ಸಾಹೇಬ್ರು ಎಲಿ-ಅಡಿಕಿ ಹಾಕ್ಕೊಂಡ್ರ ಇಲ್ಲ ಅಂದಂಗ, ತಿಳೀತಿಲ್ಲ?"

ಗಿರಿಜವ್ವ ಮುಂದೆ ಬಂದು ಕೈ ಮುಗಿದಳು. "ಸಾಹೇಬ್ರ, ನನ್ನ ಮಗ ಶರಣ ಮಿಲಿಟರ್ಯಾಗ ಅದಾನ್ರಿ. ರಾಜಸ್ಥಾನದ ಗಡಿಗೆ ಹೊಂಟೀನಿ ಅಂದಿದ್ದ. ಪ್ರತಿ ಐತಾರ ಇವ್ರ ಅಂಗಡಿಗೆ ಫೋನ್ ಮಾಡಾಂವ. ಸಂಕ್ರಾಂತಿ ಆದಮ್ಯಾಲ ಒಂದ ಫೋನಿಲ್ಲ. ಯುದ್ಧ ಇಲ್ಲ ಅಂತಾರ, ಮತ್ತ ಹುಡುಗ ಎಲ್ಲಿ ಹೋದ? ನೀವು ಆ ಸಭಾದಾಗ ಕುಂದರ್ತೀರಂತ. ನನ್ನ ಮಗ ಅದಾನೋ ಇಲ್ಲೋ, ಅದೊಂದ ಹೇಳ್ರಿ."

ಆಗ ಅವರಿಗೆ ಏನು ಗೊತ್ತಿತ್ತು ಎಂಬುದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ, ಪೇಪರಿನಲ್ಲಿ ಬಂದಾಗ. ಗಡಿಯಲ್ಲಿ ನೆಲಬಾಂಬು ಹುಗಿಯುವಾಗಲೇ ಹುಡುಗರು ಸಾಯುತ್ತಿದ್ದರು, ಕೈಕಾಲು ಕಳೆದುಕೊಳ್ಳುತ್ತಿದ್ದರು. ಮುಚ್ಚಿದ ಬಾಗಿಲ ಹಿಂದೆ ಅದರ ಮಾತು ಬಂದಿತ್ತು. ಎಷ್ಟು ಜನ ಎಂದು ಹೇಳಿದ್ದರಂತೆ, ಹೆಸರುಗಳನ್ನು ಹೇಳಿರಲಿಲ್ಲವಂತೆ. ಎದುರಿಗೆ ಕೂತ ತಾಯಿಯನ್ನು ನೋಡಿ ನಮ್ಮವರ ಮುಖ ಬಿಳಿಚಿಕೊಂಡಿತು. ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಎಲೆ, ಸುಣ್ಣ, ಅಡಿಕೆ. ಗಿರಿಜವ್ವ ಆ ಬೆರಳುಗಳನ್ನೇ ನೋಡುತ್ತಿದ್ದಳು. ಕವಳ ಬಾಯಿಗೆ ಹೋದದ್ದೇ ಸೆರಗು ಬಾಯಿಗೊತ್ತಿಕೊಂಡು ಎದ್ದು ಹೋದಳು, ಹಿಂದೆಯೇ ಪರಮೇಶ್ವರಪ್ಪ. ಮುಂದಿನವನು ಆಗಲೇ ಗ್ಯಾಸಿನ ಮಾತು ತೆಗೆದಿದ್ದ.

ಮರುದಿನ ಪರಮೇಶ್ವರಪ್ಪನ ಫೋನು ಬಂತು, ಎತ್ತಿದ್ದು ನಾನು. "ಅಮ್ಮಾರ, ಶರಣಂದು ದೇಹ ಎಂದ ಬರ್ತೈತಂತ ಸಾಹೇಬ್ರನ್ನ ಕೇಳಿ ಹೇಳ್ರಿ. ಊರ ಮಂದೆಲ್ಲ ಕೂಡೇತಿ, ಮುದುಕಿ ನೀರ ಮುಟ್ಟವಲ್ಲಳು."

ಮಣೆಯ ಮೇಲೆ ಕೂತು ದೋಸೆ ತಿನ್ನುತ್ತಿದ್ದ ಗಂಡನ ಎದುರು ನಿಂತು ಬಾಯಿಗೆ ಬಂದಂತೆ ಬೈದೆ. "ಎಂತ ಮಾಡಿಟ್ರಿ ನಿಂಗ! ಆ ಹೆಂಗಸು ಮಗ ಸತ್ತ ಹೇಳಿ ಅಳ್ತಾ ಕೂತಿದ್ದು. ಹೌದೋ ಅಲ್ದೋ ಹೇಳಿ ಬಾಯಿ ಬಿಟ್ಟು ಹೇಳಲಾಗ್ತಿತ್ತಿಲ್ಯಾ?"

"ಯಂಗೆ ಗೊತ್ತಿಲ್ಲೆ ಮಾರಾಯ್ತಿ" ಎಂದರು. ಕಣ್ಣಲ್ಲಿ ನೀರಿತ್ತು. "ಗೊತ್ತಿದ್ದದ್ದು ಹೇಳಲೆ ಬತ್ತಿಲ್ಲೆ. ಅವಳು ಕೇಳಿದ್ದು ಯಂಗೆ ಗೊತ್ತಿಲ್ಲೆ."

"ಹಾಂಗಾದ್ರೆ ಅದನ್ನೇ ಹೇಳಿ. ಏಳಿ, ಹೋಪನ!"

ಆ ಹಳ್ಳಿಯಲ್ಲಿ ಗಿರಿಜವ್ವನ ಕಟ್ಟೆಯ ಮೇಲೆ, ಅಂಗಳದಲ್ಲಿ ಜನವೋ ಜನ. ಗೋಡೆಗೆ ಒರಗಿಸಿದ್ದ ಶರಣನ ಫೋಟೋಕ್ಕೆ ಯಾರೋ ಮಾಲೆಯನ್ನೂ ಹಾಕಿಬಿಟ್ಟಿದ್ದರು. ಅಯ್ಯೋ ದೇವರೇ! ನಮ್ಮವರು ಸೀದಾ ಹೋಗಿ ಮೊದಲು ಅದನ್ನು ತೆಗೆದರು. ಆಮೇಲೆ ಅವಳೆದುರು ನೆಲದ ಮೇಲೆ ಕೂತರು.

"ಅವ್ವಾ, ನಿಮ್ಮ ಮಗ ಹೋದ ಅಂತ ನಾನು ಹೇಳಲಿಲ್ಲ. ಅವನ ಸುದ್ದಿ ನನಗೆ ಗೊತ್ತಿಲ್ಲ. ಗಡಿಯ ಕೆಲವು ವಿಷಯ ಗೊತ್ತುಂಟು, ಅದನ್ನು ಹೇಳುವ ಹಾಗಿಲ್ಲ. ಮಾತು ಬರದೆ ಕವಳ ಹಾಕಿದೆ. ತಪ್ಪಾಯ್ತು."

ಅಳುವಿಗಿಂತ ಹೆಚ್ಚಿಗೆ ಸಿಟ್ಟು ಬಂದಿತ್ತು ಗಿರಿಜವ್ವನಿಗೆ, ಬರಬೇಕಾದದ್ದೇ. "ಗೊತ್ತಿಲ್ಲ ಅಂತ ಒಂದ ಮಾತ ಅಂದಿದ್ರ ಸಾಕಿತ್ತಲ್ರಿ. ರಾತ್ರೆಲ್ಲ ನಾ ಮಗನ್ನ ಮಣ್ಣಿಗಿಟ್ಟೇನಿ. ಇನ್ನೊಮ್ಮೆ ಬರಾಗ ಬಾಯಿ ಖಾಲಿ ಇಟ್ಕೊಂಡ ಬರ್ರಿ. ಏನ ಇರ್ಲಿ, ಇದ್ದದ್ದ ಇದ್ದಂಗ ಹೇಳ್ರಿ. ನಾ ತಡ್ಕೋತೀನಿ."

ಆ ವಾರ ಶಿರಸಿಯಲ್ಲಿ ಅಡಿಕೆ ಬೆಳೆಗಾರರ ದೊಡ್ಡ ಸಭೆ ಇತ್ತು. ದರದ ಬಗ್ಗೆ ದಿಲ್ಲಿ ಏನು ಮಾಡುತ್ತದೆಂದು ಅಲ್ಲಿ ಹೇಳುತ್ತೇನೆಂದು ಇವರೇ ಮಾತು ಕೊಟ್ಟಿದ್ದರು. ಸಭೆ ಬಿಟ್ಟು ದಿಲ್ಲಿಯ ರೈಲು ಹತ್ತಿದರು. ಒಬ್ಬ ಸಿಪಾಯಿಯ ಸುದ್ದಿಗಾಗಿ ರಕ್ಷಣಾ ಇಲಾಖೆಯ ಬಾಗಿಲಿಂದ ಬಾಗಿಲಿಗೆ ಅಲೆದರಂತೆ. ಅದು ಎಂಪಿಯ ಕೆಲಸವಲ್ಲ ಎಂದು ಅಲ್ಲಿನವರು ನಕ್ಕರಂತೆ. ಇಲ್ಲಿ ಸಭೆಯಲ್ಲಿ ಖಾಲಿ ಕುರ್ಚಿ ನೋಡಿದ ಜನ ನನ್ನ ಮುಖ ಕಂಡಲ್ಲೆಲ್ಲ ಬೈದರು. ಅವರ ಸಿಟ್ಟೂ ಸುಳ್ಳಲ್ಲ, ತೋಟದ ಗೋಳು ನನಗೆ ಗೊತ್ತಿಲ್ಲವೇ?

ಇವರು ಹುಬ್ಬಳ್ಳಿಯಲ್ಲಿ ಇಳಿದು ಫೋನು ಮಾಡಿದರು. "ತಯಾರಾಗು, ಬನವಾಸಿ ಕಡೆ ಹೋಪನ" ಎಂದರು, ಬೇರೇನೂ ಹೇಳಲಿಲ್ಲ. ಜೀಪಿನಲ್ಲಿ ನಾನು ಸಂಚಿ ಮುಂದೆ ಹಿಡಿದರೆ ಬೇಡ ಎಂದು ತಲೆಯಾಡಿಸಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ಕವಳ ಬೇಡ ಎಂದದ್ದು ಅದೇ ಮೊದಲು. ನನಗೆ ಕೇಳಲು ಧೈರ್ಯವಾಗಲಿಲ್ಲ. ದಾರಿಯುದ್ದಕ್ಕೂ ಮಾರಿಕಾಂಬೆಗೆ ಹರಕೆ ಹೊರುತ್ತ ಕೂತೆ.

ಗಿರಿಜವ್ವ ನೀರು ಕೊಟ್ಟಳು. ಎಲೆ-ಅಡಿಕೆಯ ತಟ್ಟೆ ತಂದು ಮುಂದಿಟ್ಟು ಅವರ ಕೈಯನ್ನೇ ನೋಡಿದಳು. ನಮ್ಮವರು ಆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು.

"ಶರಣ ಬದುಕಿದ್ದಾನೆ ಅವ್ವಾ" ಎಂದರು. "ಬಲಗಾಲಿನ ಪಾದ ಹೋಗಿದೆ. ಪುಣೆಯ ಆಸ್ಪತ್ರೆಯಲ್ಲಿದ್ದಾನೆ, ಜೀವಕ್ಕೆ ಭಯವಿಲ್ಲ. ಮನೆಗೆ ತಿಳಿಸಬೇಡಿ, ನಾನೇ ಹೇಳುತ್ತೇನೆ ಅಂತ ಆಫೀಸರುಗಳ ಹತ್ತಿರ ಹಟ ಮಾಡಿದ್ದನಂತೆ. ಹೇಳಲು ಬಾಯಿ ಬಂದಿಲ್ಲ."

ಈ ಗಂಡಸರ ಬಾಯಿಗೆ ಏನು ಬಡಿದಿದೆಯೋ! ಗಿರಿಜವ್ವ ಕುಸಿದು ಕೂತು ಅತ್ತಳು, ನಾನೂ ಅತ್ತೆ. ಸ್ವಲ್ಪ ಹೊತ್ತಿನ ಮೇಲೆ ಅವಳು ಕಣ್ಣೊರೆಸಿಕೊಂಡು, "ಯುದ್ಧ ಇಲ್ದ ಕಾಲು ಹ್ಯಾಂಗ ಹೋತ್ರಿ?" ಎಂದಳು.

ಅವರ ಕೈ ಸೊಂಟದ ತನಕ ಹೋಯಿತು, ಅಲ್ಲೇ ನಿಂತಿತು. "ಅದು ಗೊತ್ತುಂಟು. ಹೇಳುವ ಹಾಗಿಲ್ಲ ಅವ್ವಾ."

"ಆತು" ಎಂದಳು ಗಿರಿಜವ್ವ. "ಹಿಂಗ ಹೇಳ್ರಿ."

ಅಂದಿನಿಂದ ಅವರು ಕವಳ ಮುಟ್ಟಲಿಲ್ಲ. ಅದಕ್ಕಿಂತ ದೊಡ್ಡ ಅನಾಹುತವೆಂದರೆ, ಬಂದವರಿಗೆಲ್ಲ ಮುಖಕ್ಕೇ 'ಇಲ್ಲ, ಆಗುವುದಿಲ್ಲ' ಎನ್ನತೊಡಗಿದರು. ಕವಳ ನೋಡಿ ನಗುತ್ತ ಎದ್ದು ಹೋಗುತ್ತಿದ್ದವರೇ ಈಗ, "ದಿಲ್ಲಿಗೆ ಹೋಗಿ ಸೊಕ್ಕು ಬಂತು" ಎಂದರು. ಶಾಂತಾರಾಮನಂತೂ ಯಲ್ಲಾಪುರದ ಪೇಟೆಯಲ್ಲೇ ನಿಂತು ಬೈದ. ಅಡಿಕೆ ಸಭೆಯ ಖಾಲಿ ಕುರ್ಚಿಯನ್ನೂ ಯಾರೂ ಮರೆಯಲಿಲ್ಲ. ೨೦೦೪ರ ಎಲೆಕ್ಷನ್ನಿನಲ್ಲಿ ಸೋತರು, ಅದೂ ಸುಮಾರಾಗಿ ಅಲ್ಲ, ಮಣ್ಣು ಮುಕ್ಕುವ ಹಾಗೆ.

ಫಲಿತಾಂಶದ ಮರುದಿನ ಬೆಳಿಗ್ಗೆ ಜಗಲಿ ಭಣಗುಟ್ಟುತ್ತಿತ್ತು. ಅಷ್ಟು ಖಾಲಿ ಜಗಲಿಯನ್ನು ನಾನು ನೋಡಿರಲಿಲ್ಲ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ಗಿರಿಜವ್ವ ಬರುತ್ತಿದ್ದಳು, ಜೊತೆಗೆ ಕೃತಕ ಪಾದದಲ್ಲಿ ನಿಧಾನಕ್ಕೆ ಹೆಜ್ಜೆಯಿಡುತ್ತ ಶರಣ. ಅವಳು ನಮ್ಮವರ ಪಕ್ಕದಲ್ಲೇ ಕೂತಳು.

"ಸೋತ್ರಂತಲ್ರಿ?"

"ಸೋತೆ ಅವ್ವಾ."

ಗಿರಿಜವ್ವ ತನ್ನ ಚೀಲ ಬಿಚ್ಚಿದಳು. ಎಲೆಯ ತೊಟ್ಟು ಮುರಿದಳು, ಸುಣ್ಣ ಸವರಿದಳು, ಅಡಿಕೆ ಇಟ್ಟು ಮಡಿಚಿ ಅವರ ಕೈಯಲ್ಲಿಟ್ಟಳು.

"ಈಗ ಹಾಕ್ಕೋರಿ" ಎಂದಳು. "ಇನ್ನ ನಿಮ್ಮನ್ನ ಯಾರೂ ಏನೂ ಕೇಳಂಗಿಲ್ಲ."

ನಮ್ಮವರು ಆ ಕವಳವನ್ನು ನೋಡುತ್ತ ಕೂತರು. ಆಮೇಲೆ ಬಾಯಿಗೆ ಹಾಕಿಕೊಂಡರು.